ತೊಟ್ಟಿಲ ಸೀನಿಗೆ ಪ್ಲೇಟು ಇಲ್ಲ

ಹರಿಹರ
18-1-1979

ಚಿ. ಸೌ. ಕಸ್ತೂರಿಗೆ ಅಪ್ಪನ ಆಶೀರ್ವಾದಗಳು.

ಹರಿಹರದಿಂದ ದಾವಣಗೆರೆಗೆ ಬಸ್ಸಿಗೆ ಅರ್ಧ ಗಂಟೆಯ ದಾರಿ. ಇಷ್ಟು ಹತ್ತಿರ ಇದ್ದೂ ಅಪ್ಪ ಕಾಗದ ಬರೆಯುತ್ತಾನಲ್ಲ ಎಂದು ನಿನಗೆ ಅನ್ನಿಸಬಹುದು. ದೀಪಾವಳಿ ಆದಮೇಲೆ ಎರಡು ಸಲ ವಿನೋಬನಗರಕ್ಕೆ ಬಂದೆ. ಎರಡು ಸಲವೂ ನಿಮ್ಮ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದು, ಮಿಲ್ಲಿನ ಪಾಳಿ ಹೇಗೆ ನಡೆದಿದೆ ಎಂದು ಅಳಿಯಂದಿರನ್ನು ಕೇಳಿ ಎದ್ದು ಬಂದೆ. ನೀನು ಒಳಗಿನ ಬಾಗಿಲಲ್ಲಿ ನಿಂತಿದ್ದೆ. ನಿನ್ನ ತಾಯಿ ಬದುಕಿದ್ದರೆ ಒಳಗೆ ಬಂದು ನಿನ್ನ ಪಕ್ಕ ಕೂಡುತ್ತಿದ್ದಳು. ನನಗೆ ಅದು ಬರುವುದಿಲ್ಲ. ಏಳನೇ ಇಯತ್ತೆ ಓದಿದ್ದೇನೆ, ಬರೆಯುವುದಾದರೂ ಬರುತ್ತದೆ.

ಕೂಸಿನ ತೊಟ್ಟಿಲ ಶಾಸ್ತ್ರಕ್ಕೆ ನಿಮ್ಮ ಮನೆಗೆ ಮೈಕ್ ಸೆಟ್ ತರಬೇಕೆಂದು ಎರಡೂ ಹಾರ್ನುಗಳಿಗೆ ಹೊಸ ಬಣ್ಣ ಬಳಿದಿದ್ದೆ. ಆ ದಿನ ಬರುವ ಮೊದಲೇ ಕೂಸು ಹೋಯಿತು. ಅವತ್ತಿನಿಂದ ಯಾರ ಮದುವೆಗೂ ಸೆಟ್ ಕೊಡಲಿಲ್ಲ. ಹಾಡಿನ ಪ್ಲೇಟುಗಳ ಪೆಟ್ಟಿಗೆಯ ಮೇಲೆ ನಿನ್ನ ತಾಯಿಯ ಹಳೆಯ ಸೀರೆ ಹೊದಿಸಿ ಇಟ್ಟಿದ್ದೆ.

ಮೊನ್ನೆ ಹಾಲೇಶಪ್ಪ ಬಂದಿದ್ದ. ಹೊಳೆಯ ದಂಡೆಯ ಬಯಲಿನಲ್ಲಿ ಈ ವರ್ಷವೂ ಅವನ ಟೆಂಟ್ ಟಾಕೀಸ್ ಎದ್ದಿದೆ. ಸಿನಿಮಾ ಮೆಷಿನ್ನಿನ ಸೌಂಡ್ ಭಾಗ ಸುಟ್ಟುಹೋಗಿದೆಯಂತೆ. ಚಿತ್ರ ಬೀಳುತ್ತದೆ, ಮಾತಿಲ್ಲ, ಹಾಡಿಲ್ಲ.

"ಉಚ್ಚೆಂಗಪ್ಪ, ನಿನ್ನ ಎರಡು ಪ್ಲೇಟಿನ ಮೆಷಿನ್ನು ತಗಂಡು ಬಾರೋ. ಪರದೆ ಮ್ಯಾಲೆ ಏನ್ ನಡೀತೈತೋ ಅದಕ್ಕೆ ತಕ್ಕಂತೆ ಒಂದೊಂದು ಪ್ಲೇಟು ಹಾಕು. ನಡುವೆ ಮೈಕ್ ಹಿಡಕಂಡು ಕಥೆ ಹೇಳು" ಅಂದ.

"ನನಗೆ ಮನಸ್ಸಿಲ್ಲ" ಅಂದೆ.

"ಮನಸ್ಸು ಯಾರ್ ಕೇಳಿದ್ರು ನಿನ್ನ? ಪ್ಲೇಟು ಕೇಳಿದ್ನಪಾ."

ಹೋದೆ. ಹಳೆಯ ರಾಜರಾಣಿ ಚಿತ್ರ. ರಾಣಿಯನ್ನು ಕಾಡಿಗೆ ಅಟ್ಟುತ್ತಾರೆ, ಅಲ್ಲಿ ಗುಡಿಸಲಲ್ಲಿ ಅವಳಿಗೆ ಮಗು ಹುಟ್ಟುತ್ತದೆ. ಮೊದಲ ದಿನ ಜನ ಬೈದರು. ರಾಣಿ ಬಾಯಿ ಆಡಿಸುತ್ತಿದ್ದಾಳೆ, ನಾನು ಶಹನಾಯಿ ಹಾಕಿದ್ದೇನೆ. "ಅಕಿ ಏನಂತಾಳೋ ಹೇಳೋ ಮಾರಾಯ" ಎಂದು ಗಂಡಸರ ಕಡೆಯಿಂದ ಒಬ್ಬ ಕೂಗಿದ. ನಾನು ಗಾಬರಿಯಲ್ಲಿ ಮೈಕ್ ಹಿಡಿದು, "ಊಟ ಆಯ್ತೇನ್ರಿ ಅಂತಾಳೆ" ಎಂದುಬಿಟ್ಟೆ. ಟೆಂಟಿಗೆ ಟೆಂಟೇ ನಕ್ಕಿತು. ಆಮೇಲೆ ಬೈಗುಳ ನಿಂತಿತು.

ನೀನು ಏನಾದರೂ ತಿನ್ನುತ್ತಿದ್ದೀಯೋ ಇಲ್ಲವೋ. ಒಂದು ಸಾಲು ಬರಿ. ನಿನಗೂ, ಅಳಿಯ ಕರಿಬಸವರಾಜರಿಗೂ, ಬೀಗಿತ್ತಿ ಸರ್ವಮಂಗಳಮ್ಮನವರಿಗೂ ನನ್ನ ಶುಭ ಹಾರೈಕೆ.

ನಿನ್ನ ಅಪ್ಪ,
ಉಚ್ಚೆಂಗಪ್ಪ


ಹರಿಹರ
6-2-1979

ಚಿ. ಸೌ. ಕಸ್ತೂರಿಗೆ ಆಶೀರ್ವಾದಗಳು.

ನಿನ್ನಿಂದ ಕಾಗದ ಬರಲಿಲ್ಲ. ಇರಲಿ. ನಾನು ಇಲ್ಲಿಯ ಸಂಗತಿ ಬರೆಯುತ್ತೇನೆ.

ಹಾಲೇಶಪ್ಪ ಈ ಚಿತ್ರವನ್ನು ನಾಲ್ಕು ದಿನಕ್ಕೆಂದು ತಂದಿದ್ದ. ಜನ ಬಿಡುತ್ತಿಲ್ಲ. ಮೆಷಿನ್ನಿನ ಸೌಂಡ್ ರಿಪೇರಿ ಆಗಿ ಬಂತು. ಒಂದು ದಿನ ಚಿತ್ರದ ನಿಜವಾದ ಮಾತು, ನಿಜವಾದ ಹಾಡು ಕೇಳಿಸಿದ. ಅರ್ಧಕ್ಕೇ ಜನ ಎದ್ದು, "ಈ ಕೊರಕೊರ ಸೌಂಡ್ ಬ್ಯಾಡ, ಉಚ್ಚೆಂಗಪ್ಪಂದು ಹಾಕ್ರಿ" ಎಂದು ಗಲಾಟೆ ಮಾಡಿದರು. ಅದಕ್ಕೆ ಕಾರಣ ಯುದ್ಧದ ಸೀನು. ಅಲ್ಲಿ ಒಂದು ದಿನ ಕತ್ತಲಲ್ಲಿ ಕೈತಪ್ಪಿ ಮದುವೆ ಬ್ಯಾಂಡಿನ ಪ್ಲೇಟು ಇಟ್ಟುಬಿಟ್ಟಿದ್ದೆ. ರಾಜರು ಕತ್ತಿ ಬೀಸುತ್ತಿದ್ದಾರೆ, ಇಲ್ಲಿ ವರನ ಮೆರವಣಿಗೆ ಬಾರಿಸುತ್ತಿದೆ. ಜನ ಎದ್ದು ನಿಂತು ಶಿಳ್ಳೆ ಹಾಕಿದರು. ಕೆಲವರು ಕುಣಿದರು. ಮೆಷಿನ್ ನಡೆಸುವ ಮಕ್ತುಮ್ ಸಾಬ್ ಕ್ಯಾಬಿನ್ನಿನ ಕಿಂಡಿಯಿಂದ ತಲೆ ಹೊರಗೆ ಹಾಕಿ, "ಅಣ್ಣಾ, ಯಾರ್ ಮದ್ವಿ ಮಾಡ್ಸಾಕತ್ತೀಯ?" ಎಂದು ಕೇಳಿದ. ಮರುದಿನ ಸರಿಯಾದ ನಗಾರಿ ಪ್ಲೇಟು ಹಾಕಿದರೆ ಜನ ಒಪ್ಪಲಿಲ್ಲ. ಈಗ ದಿನವೂ ಯುದ್ಧಕ್ಕೆ ಮದುವೆ ಬ್ಯಾಂಡೇ. ಕುದುರೆ ಓಡುವಾಗ ತೆಂಗಿನ ಚಿಪ್ಪು ಕುಟ್ಟುತ್ತೇನೆ, ಗುಡುಗಿಗೆ ತಗಡು ಅಲುಗಿಸುತ್ತೇನೆ. ಒಂದು ಮೆಷಿನ್ನಿನ ಪ್ಲೇಟು ಮುಗಿಯುವಷ್ಟರಲ್ಲಿ ಇನ್ನೊಂದನ್ನು ತಿರುಗಿಸಿ, ಗುಂಡಿಯನ್ನು ಮೆಲ್ಲಗೆ ಅತ್ತ ಹೊರಳಿಸಿದರೆ ನಡುವೆ ಸಂದು ಬೀಳುವುದಿಲ್ಲ.

ಒಂದೇ ಒಂದು ಕಡೆ ಏನು ಹಾಕಿದರೂ ಸರಿಹೋಗುತ್ತಿಲ್ಲ. ನಿನಗೆ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಬರೆಯುತ್ತೇನೆ, ಏಕೆಂದರೆ ಕೇಳಲು ನನಗೆ ಬೇರೆ ಯಾರೂ ಇಲ್ಲ.

ಗುಡಿಸಲಲ್ಲಿ ರಾಣಿ ತೊಟ್ಟಿಲು ತೂಗುತ್ತಾಳೆ. ಕೊಳಲು ಹಾಕಿದೆ. ಹೆಂಗಸರ ಕಡೆಯಿಂದ, "ಇದಲ್ಲ, ತೆಗೀರಿ" ಅಂದರು. ಶಹನಾಯಿಗೂ ಅದೇ ಮಾತು. ಸಾಕಾಗಿ ಒಂದು ದಿನ ಎರಡೂ ಮೆಷಿನ್ ನಿಲ್ಲಿಸಿದೆ. ಆಗ ಮುಂದಿನ ಸಾಲಿನಲ್ಲಿ ಇಮಾಂಬೀ, ಗೇಟಿನ ಬಳಿ ಶೇಂಗಾ ಮಾರುವಾಕೆ, ಜೋಗುಳ ಎತ್ತಿದಳು. ಹೆಂಗಸರೆಲ್ಲ ಸೇರಿಕೊಂಡರು. ಗಂಡಸರ ಕಡೆ ಬೀಡಿ ಸೇದುವುದನ್ನೂ ಮರೆತು ಕೂತರು. ನೂರಾರು ಜನ ಒಂದೇ ಕೊರಳಿನಲ್ಲಿ ಹೋಗುತ್ತಾರೆ. ಆದರೆ ಪ್ರತಿ ಸುತ್ತಿನಲ್ಲೂ ಒಂದು ಜಾಗಕ್ಕೆ ಬಂದೊಡನೆ ಎಲ್ಲ ಕಲಸಿಹೋಗಿ ಸಂತೆಯ ಗದ್ದಲವಾಗುತ್ತದೆ. ಮತ್ತೆ ಒಂದಾಗುತ್ತಾರೆ. ಪಾಪ, ಆ ಜಾಗದಲ್ಲಿ ಇವರಿಗೆ ಪದ ಗೊತ್ತಿಲ್ಲ ಎಂದುಕೊಂಡು, ಮರುದಿನ ಅಷ್ಟು ಹೊತ್ತು ಮಾತ್ರ ಕೊಳಲಿನ ಪ್ಲೇಟನ್ನು ಜೋರಾಗಿ ಎತ್ತಿ ಮುಚ್ಚಿದೆ. ಉಪಕಾರ ಮಾಡಿದೆ ಎಂದುಕೊಂಡೆ. ಹಾಡು ನಿಂತೇಹೋಯಿತು. ಹತ್ತಿಪ್ಪತ್ತು ಹೆಂಗಸರು ಎದ್ದು ಹೊರಗೆ ಹೋದರು. ಇಮಾಂಬೀ ಹೋಗುವಾಗ ನನ್ನ ಮೇಜಿನ ಮುಂದೆ ನಿಂತು, "ನಮ್ಮ ಬಾಯಿ ಮುಚ್ಚಿಸಿದ್ಯಲ್ಲ ಉಚ್ಚೆಂಗಣ್ಣ, ನಿನಗೂ ಮಗಳು ಅದಾಳಲ್ಲ" ಅಂದಳು.

ನಾನು ಮಾಡಿದ ತಪ್ಪು ಏನು? ನಿನಗೆ ತಿಳಿದಿದ್ದರೆ ಬರಿ.

ಮನೆಯವರೆಲ್ಲರಿಗೂ ನನ್ನ ಹಾರೈಕೆ.

ನಿನ್ನ ಅಪ್ಪ,
ಉಚ್ಚೆಂಗಪ್ಪ


ವಿನೋಬನಗರ, ದಾವಣಗೆರೆ
20-2-1979

ಪೂಜ್ಯ ಮಾವನವರಿಗೆ ಕರಿಬಸವರಾಜನ ನಮಸ್ಕಾರಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಬೇಕು. ಬರೆದಿದ್ದೇನೆ.

ನಿಮ್ಮ ಮೊದಲ ಕಾಗದವನ್ನು ರಾತ್ರಿ ರೊಟ್ಟಿ ತಿಂದ ಮೇಲೆ ಅವ್ವನಿಗೆ ಓದಿ ಹೇಳಿದೆ. ಅವಳಿಗೆ ಓದಲು ಬರುವುದಿಲ್ಲ. ಅಂದಿನಿಂದ ನಾನು ಪಾಳಿ ಮುಗಿಸಿ ಬಂದರೆ, "ಬೀಗರ ಸಿನಿಮಾ ಕಾಗದ ಬಂತೇನೋ?" ಎಂದೇ ಕೇಳುತ್ತಾಳೆ. ಎರಡನೆಯ ಕಾಗದದ ಮದುವೆ ಬ್ಯಾಂಡಿನ ಸುದ್ದಿಗೆ ಅವ್ವ ಕಣ್ಣೀರು ಬರುವಷ್ಟು ನಕ್ಕಳು. ಕಸ್ತೂರಿಯೂ ಸೆರಗು ಬಾಯಿಗೆ ಹಿಡಿದಳು. ಮೂರು ತಿಂಗಳಲ್ಲಿ ನಾನು ಅದನ್ನು ಕಂಡಿರಲಿಲ್ಲ.

ತೊಟ್ಟಿಲ ಸಂಗತಿಯನ್ನು ನಾನು ಓದಲಿಲ್ಲ. ಅಲ್ಲಿಂದ ನೇರವಾಗಿ ಕೊನೆಯ ಸಾಲಿಗೆ ಹಾರಿದೆ. ಕಸ್ತೂರಿ ಒಲೆಯ ಮುಂದೆ ಕೂತಿದ್ದವಳು, "ಅಪ್ಪ ಇಷ್ಟು ಬೇಗ ಮುಗಿಸೋದಿಲ್ಲ" ಅಂದಳು. ಬೆಳಿಗ್ಗೆ ನೋಡಿದರೆ ಕಾಗದ ನನ್ನ ಅಂಗಿಯ ಜೇಬಿನಲ್ಲಿ ಬೇರೆ ರೀತಿ ಮಡಚಿ ಇತ್ತು.

ತೊಟ್ಟಿಲು, ಕೂಸು ಎಂದು ಇನ್ನು ಬರೆಯಬೇಡಿ ಎಂದು ನಿಮಗೆ ತಿಳಿಸಲು ಅವ್ವ ಹೇಳಿದ್ದಾಳೆ. ತಿಳಿಸಿದ್ದೇನೆ. ನನ್ನನ್ನು ಕೇಳಿದರೆ, ಬರೆಯಿರಿ.

ತಮ್ಮ ವಿಧೇಯ,
ಕರಿಬಸವರಾಜ


ವಿನೋಬನಗರ
2-3-1979

ಅಪ್ಪನವರಿಗೆ ಕಸ್ತೂರಿಯ ನಮಸ್ಕಾರಗಳು.

ಆ ಜಾಗದಲ್ಲಿ ಪ್ಲೇಟು ಹಾಕಬೇಡಿ ಅಪ್ಪ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಅದು ಪದ ಗೊತ್ತಿಲ್ಲದ ಜಾಗವಲ್ಲ. ಅಲ್ಲಿ ಕೂಸಿನ ಹೆಸರು ಬರುತ್ತದೆ. ಜೋಗುಳ ಎಲ್ಲರಿಗೂ ಒಂದೇ, ಆ ಜಾಗ ಮಾತ್ರ ಅವರವರದು. ಅವ್ವ ನನ್ನನ್ನು ತೂಗುವಾಗ ಅಲ್ಲಿ ನನ್ನ ಹೆಸರು ಹೇಳುತ್ತಿದ್ದಳಂತೆ, ಅವಳೇ ಹೇಳಿದ್ದು. ನೀವು ಹೊರಗೆ ಪ್ಲೇಟು ಒರೆಸುತ್ತಾ ಕೂತಿರುತ್ತಿದ್ದಿರಂತೆ, ಕೇಳಿರುತ್ತೀರಿ, ಲಕ್ಷ್ಯ ಕೊಟ್ಟಿರಲಿಲ್ಲ. ಟೆಂಟಿನಲ್ಲಿ ಅಷ್ಟು ಹೆಂಗಸರು ಒಮ್ಮೆಗೇ ತಮ್ಮ ತಮ್ಮ ಮಕ್ಕಳ ಹೆಸರು ಹೇಳುತ್ತಾರೆ. ನಿಮಗೆ ಅದು ಗದ್ದಲ. ಅದನ್ನು ನೀವು ಕೊಳಲಿನಿಂದ ಮುಚ್ಚಿದಿರಿ. ಎದ್ದು ಹೋಗದೆ ಏನು ಮಾಡುತ್ತಾರೆ?

ಬರೆಯುತ್ತಾ ಕೂತಿರುವುದರಿಂದ ಉಳಿದದ್ದನ್ನೂ ಬರೆಯುತ್ತೇನೆ. ಇವರು ಪಾಳಿಗೆ ಹೋಗಿದ್ದಾರೆ, ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದಾರೆ.

ನನ್ನ ಕೂಸು ಒಂಬತ್ತು ದಿನ ಇತ್ತು. ಹೆಸರಿಡುವ ದಿನಕ್ಕೆ ತೊಟ್ಟಿಲು ತಂದು ಅಟ್ಟದ ಕೆಳಗೆ ಇಟ್ಟಿದ್ದರು. ಈಗ ಅದರಲ್ಲಿ ಹಳೆಯ ಕೌದಿಗಳಿವೆ. "ಹೆಸ್ರಿಡದ ಕೂಸಿಗೆ ಅಳಬಾರ್ದು ಕಸ್ತೂರಿ, ಮುಂದಿನ ಬಸ್ರಿಗೆ ಒಳ್ಳೇದಲ್ಲ" ಎಂದು ಅತ್ತೆ ಮೊದಲ ದಿನವೇ ಹೇಳಿದರು. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನನಗೆ ಬಿಸಿನೀರು ಕಾಯಿಸಿ ಎರೆದವರೂ ಅವರೇ. ಆದರೆ ಅಂದಿನಿಂದ ಮನೆಯಲ್ಲಿ ಆ ಮಾತೇ ಇಲ್ಲ. ಓಣಿಯವರು ಮಾತಾಡುವಾಗ "ಅದು" ಅನ್ನುತ್ತಾರೆ. ಅದು ಆದಮೇಲೆ ಕಸ್ತೂರಿ ಇಳಿದುಹೋದಳು, ಅನ್ನುತ್ತಾರೆ. ಮನಸ್ಸಿನಲ್ಲಿ ನೆನೆಸಿಕೊಳ್ಳೋಣವೆಂದರೆ ನಾನೂ ಏನೆಂದು ಕರೆಯಲಿ? ರಾತ್ರಿ ಬಾಯಿಯವರೆಗೆ ಬರುತ್ತದೆ, ಅಲ್ಲಿ ಶಬ್ದವಿಲ್ಲ.

ನಿಮ್ಮ ಟೆಂಟಿಗೆ ಬರಬೇಕೆಂದು ಆಸೆಯಾಗುತ್ತದೆ. ಬಂದು ಆ ಹೆಂಗಸರ ನಡುವೆ ಕೂತರೆ, ಆ ಜಾಗ ಬಂದಾಗ ನಾನೊಬ್ಬಳೇ ಬಾಯಿ ಮುಚ್ಚಿಕೊಂಡು ಇರಬೇಕು. ಅದಕ್ಕೆ ಹೆದರಿಕೆ.

ನಿಮ್ಮ ಮಗಳು,
ಕಸ್ತೂರಿ


ಹರಿಹರ
7-3-1979

ಚಿ. ಸೌ. ಕಸ್ತೂರಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿದೆ. ಮತ್ತೆ ಓದಲು ಧೈರ್ಯವಾಗಲಿಲ್ಲ, ಆದರೆ ಮರೆತಿಲ್ಲ.

ಅದೇ ಸಂಜೆ ಆಟಕ್ಕೆ ಮೊದಲು ಇಮಾಂಬೀಯ ಬುಟ್ಟಿಯ ಮುಂದೆ ಹೋಗಿ ನಿಂತೆ. "ತಪ್ಪಾತವ್ವ, ಅದು ಹೆಸರಿನ ಜಾಗ ಅಂತ ಗೊತ್ತಿರ್ಲಿಲ್ಲ" ಅಂದೆ.

"ಗಂಡಸ್ರಿಗೆ ಹೆಂಗೆ ಗೊತ್ತಾಗ್ಬೇಕು? ತೊಟ್ಲು ತೂಗೋ ಹೊತ್ನ್ಯಾಗ ನೀವೆಲ್ಲಾ ಎಲ್ಲಿರ್ತೀರಿ?" ಎಂದು ಬೈದು, ಒಂದು ಹಿಡಿ ಶೇಂಗಾ ಕೊಟ್ಟಳು.

ಅವಳಿಗೆ ಐದು ಮಕ್ಕಳೆಂದು ಗೊತ್ತಿತ್ತು. ಸುಮ್ಮನೆ ಕೇಳಿದೆ, "ಇರೋದು ಒಂದೇ ಜಾಗ, ನೀನು ಯಾರ ಹೆಸರು ಹೇಳ್ತಿ?"

"ಐದೂ ಹೇಳಾಕೆ ಪುರಸೊತ್ತು ಎಲ್ಲೈತೆ? ದಿನಕ್ಕೊಬ್ಬರದು. ಶುಕ್ರವಾರ ಮಾತ್ರ ಹೋದವನದು."

ಹೋದವನು ಯಾರು ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು. ಹುಟ್ಟಿದ ದಿನವೇ ಹೋದನಂತೆ. ಹೆಸರಿಡಲು ಯಾರೂ ಇರಲಿಲ್ಲವಂತೆ. "ನಾನೇ ಇಟ್ಟೆ. ಬ್ಯಾಡ ಅನ್ನಾಕೆ ಯಾರದಾರೆ? ಅಷ್ಟು ಗದ್ದಲದಾಗ ಯಾರಿಗೆ ಕೇಳ್ತೈತೆ ಉಚ್ಚೆಂಗಣ್ಣ, ನನಗೆ ಕೇಳಿದ್ರೆ ಸಾಕು" ಅಂದಳು. ಅಷ್ಟರಲ್ಲಿ ಗಿರಾಕಿ ಬಂದ, ಅವಳು ಶೇಂಗಾ ಅಳೆಯತೊಡಗಿದಳು.

ಈಗ ತೊಟ್ಟಿಲ ಸೀನಿಗೆ ನಾನು ಪ್ಲೇಟು ಹಾಕುವುದಿಲ್ಲ. ಮೆಷಿನ್ನಿನ ಗುಂಡಿಯನ್ನು ಪೂರ್ತಿ ಇಳಿಸುತ್ತೇನೆ. ಹಾರ್ನಿನ ಗುಂಯ್ ಸದ್ದೂ ಇರುವುದಿಲ್ಲ. ಎದ್ದು ಹೋದವರು ತಿರುಗಿ ಬಂದಿದ್ದಾರೆ. ಹಾಲೇಶಪ್ಪ, "ಸೌಂಡ್ ಇಲ್ದ ಸೀನಿಗೆ ನಿನಗ್ಯಾಕ ಕೂಲಿ ಕೊಡ್ಲಿ?" ಎಂದು ಚೇಷ್ಟೆ ಮಾಡುತ್ತಾನೆ. ಆದರೆ ಆ ಹೊತ್ತಿಗೆ ಸರಿಯಾಗಿ ಗೇಟು ಬಿಟ್ಟು ಒಳಗೆ ಬಂದು ನಿಲ್ಲುತ್ತಾನೆ.

ಚಿತ್ರದ ಪೆಟ್ಟಿಗೆ ಯುಗಾದಿಗೆ ಮೊದಲು ವಾಪಸ್ಸು ಹೋಗುತ್ತದೆ. ಆಮೇಲೆ ಈ ಚಿತ್ರ ಇಲ್ಲ. ಬರುವುದಾದರೆ ಅಷ್ಟರೊಳಗೆ ಬಾ. ಬೀಗಿತ್ತಿಯನ್ನೂ ಕರೆದುಕೊಂಡು ಬಾ. ಮದುವೆ ಬ್ಯಾಂಡ್ ಕೇಳಲು ಅಪ್ಪ ಕರೆದಿದ್ದಾರೆ ಎಂದು ಹೇಳು. ತೊಟ್ಟಿಲ ಮಾತು ಎತ್ತಬೇಡ.

ನಿನ್ನ ಅಪ್ಪ,
ಉಚ್ಚೆಂಗಪ್ಪ


ವಿನೋಬನಗರ
25-3-1979

ಅಪ್ಪನವರಿಗೆ ಕಸ್ತೂರಿಯ ನಮಸ್ಕಾರಗಳು.

ನಾವು ಕ್ಷೇಮವಾಗಿ ಮನೆ ಮುಟ್ಟಿದೆವು. ಆಟ ಬಿಟ್ಟಮೇಲೆ ನಿಮ್ಮ ಸುತ್ತ ಜನ ಇದ್ದರು. ಬಸ್ಸಿಗೆ ಹೊತ್ತಾಗುತ್ತದೆಂದು ದೂರದಿಂದಲೇ ಕೈ ಮಾಡಿ ಹೊರಟೆವು. ಅದಕ್ಕೇ ಈ ಕಾಗದ.

ಅತ್ತೆಗೆ ಯುದ್ಧದ ಸೀನು ಬಹಳ ಹಿಡಿಸಿತು. ಪಕ್ಕದವರಿಗೆಲ್ಲ, "ಅವ್ರು ನಮ್ಮ ಬೀಗ್ರು, ಪ್ಲೇಟು ಹಾಕೋರು" ಎಂದು ಹೇಳಿ ಹೇಳಿ ಸುಸ್ತಾದರು. ಇಮಾಂಬೀ ನಮಗೆ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿದ್ದಳು. ನಾನು ಯಾರೆಂದು ಅವಳಿಗೆ ಗೊತ್ತಿತ್ತು, ಆದರೆ ಏನೂ ಕೇಳಲಿಲ್ಲ. ಮರಳು ಸಮ ಮಾಡಿ, ಗೋಣಿತಾಟು ಹಾಸಿ, "ಕೂಡ್ರವ್ವ" ಅಂದಳು.

ತೊಟ್ಟಿಲು ಬಂತು. ನೀವು ಸದ್ದು ಇಳಿಸಿದಿರಿ. ಹೊಳೆಯ ಕಡೆಯ ಗಾಳಿಗೆ ಟೆಂಟಿನ ಬಟ್ಟೆ ಬಡಿದುಕೊಳ್ಳುವುದು ಕೇಳಿಸಿತು. ಅತ್ತೆ ನನ್ನ ಕಡೆ ತಿರುಗಿದರು. ಎದ್ದು ಹೋಗೋಣವೇ ಎಂದು ಕೇಳುವವರ ಹಾಗೆ ನನ್ನ ಮೊಣಕೈ ಹಿಡಿದರು. ಅಷ್ಟರಲ್ಲಿ ಹಾಡು ಎದ್ದಿತು. ಮೊದಲ ಸುತ್ತಿನಲ್ಲಿ ನನ್ನ ಬಾಯಿ ತೆರೆಯಲಿಲ್ಲ. ಆ ಜಾಗದಲ್ಲಿ ಸುತ್ತಲಿಂದ ಹೆಸರುಗಳು ಬಂದವು, ಅಪ್ಪ. ಕೇಳಿದ ಹೆಸರು, ಕೇಳದ ಹೆಸರು, ಮುದ್ದಿನ ಹೆಸರು. ಯಾರದು ಯಾವುದು ಎಂದು ತಿಳಿಯುವಂತಿರಲಿಲ್ಲ. ಎರಡನೆಯ ಸುತ್ತಿನಲ್ಲಿ ನಾನೂ ಒಂದು ಹೆಸರು ಹೇಳಿದೆ. ಮೂರನೆಯ ಸುತ್ತಿನಲ್ಲಿ ಸ್ವಲ್ಪ ಜೋರಾಗಿ ಹೇಳಿದೆ. ನನ್ನ ಮೊಣಕೈ ಮೇಲಿದ್ದ ಅತ್ತೆಯ ಕೈ ಹಾಗೇ ಇತ್ತು.

ಬಸ್ಸಿನಲ್ಲಿ ಅತ್ತೆ, ನಾನು ಒಂದೇ ಸೀಟಿನಲ್ಲಿ ಕೂತೆವು. ಇವರು ಮುಂದಿನ ಸೀಟಿನಲ್ಲಿದ್ದರು. ಊರಿನ ದೀಪ ಕಾಣುವ ಹೊತ್ತಿಗೆ ಅತ್ತೆ ಕಿಟಕಿಯ ಕಡೆ ನೋಡುತ್ತಾ, "ನೀನು ಏನಂದಿ ಅಲ್ಲಿ?" ಎಂದು ಕೇಳಿದರು.

ಸುಳ್ಳು ಹೇಳಲು ಆಗಲಿಲ್ಲ. ಹೇಳಿದೆ.

"ಅನ್ನಪೂರ್ಣ? ಅದು ನಿಮ್ಮವ್ವನ ಹೆಸ್ರಲ್ಲೇನೆ?"

"ಹೌದ್ರಿ."

"ಅದ್ಹೆಂಗೆ ಆಗ್ತೈತೆ? ಮೊದಲ್ನೇ ಕೂಸಿಗೆ ಗಂಡನ ಕಡೇ ಹೆಸ್ರು ಇಡೋದು. ನಾನು ಹಾಲಮ್ಮ ಅಂತ ಹೇಳಿದ್ನಲ್ಲ! ನಮ್ಮವ್ವನ ಹೆಸ್ರು."

ನನಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. "ಯಾವಾಗ ಹೇಳಿದ್ರಿ ಅತ್ತೆ?" ಎಂದೆ.

"ಈಗ. ಅಲ್ಲೇ. ಮೂರು ಸಲ ಹೇಳ್ದೆ."

ನನಗೆ ಸಿಟ್ಟು ಬಂತು ಅಪ್ಪ. ನಿಜವಾದ ಸಿಟ್ಟು. "ಹಾಲಮ್ಮ ಹಳೇ ಹೆಸ್ರು, ಸಾಲ್ಯಾಗ ನಗ್ತಾರೆ" ಅಂದುಬಿಟ್ಟೆ. "ಅನ್ನಪೂರ್ಣ ಏನು ಹೊಸಾದೇನು?" ಎಂದು ಅತ್ತೆಯೂ ದನಿ ಎತ್ತಿದರು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಹಿಂದೆ ಕೂತಿದ್ದ ಒಬ್ಬ ಮುದುಕಪ್ಪ, "ಕೂಸು ಎಷ್ಟು ದಿನದ್ದವ್ವ?" ಎಂದು ಕೇಳಿದ. ಇವರು ಮುಂದಿನ ಸೀಟಿನಿಂದ ತಿರುಗದೆ, "ಒಂಬತ್ತು ದಿನದ್ದು" ಅಂದರು. ಹೆಗಲ ಮೇಲಿನ ಟವಲ್ಲಿನಿಂದ ಮುಖ ಒರೆಸಿಕೊಂಡರು.

ಮುದುಕಪ್ಪನಿಗೆ ಏನು ತಿಳಿಯಬೇಕು. "ಅದಕ್ಯಾಕ ಜಗಳ? ಒಂದು ತೊಟ್ಲ ಹೆಸ್ರು, ಒಂದು ಕರಿಯೋ ಹೆಸ್ರು ಇಟ್ಕಳ್ರಿ. ನಮ್ಮ ಮನ್ಯಾಗೂ ಹಂಗೇ ಮಾಡಿದ್ವಿ" ಅಂದ.

ಮನೆಗೆ ಬಂದು ಅತ್ತೆ ದೀಪ ಹಚ್ಚಿದರು. ಊಟ ಬೇಡ ಎಂದು ಮಲಗಿದರು. ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿಲಿನ ಕೌದಿಗಳೆಲ್ಲ ಅಂಗಳದ ಹಗ್ಗದ ಮೇಲೆ ಬಿಸಿಲಿಗೆ ಬಿದ್ದಿದ್ದವು. ಅತ್ತೆ ಒದ್ದೆ ಬಟ್ಟೆಯಲ್ಲಿ ತೊಟ್ಟಿಲಿನ ಕಾಲು ಒರೆಸುತ್ತಾ ಕೂತಿದ್ದರು. ನಾನೂ ಒಂದು ಬಟ್ಟೆ ತಂದು ಇನ್ನೊಂದು ಕಡೆ ಕೂತೆ. ಅವರು ಅತ್ತರು. ನನಗೂ ಅಳು ಬಂತು. ಬಸಿರು ಗಿಸಿರು ಅನ್ನಲಿಲ್ಲ. "ಮೂಗು ನಿಮ್ಮ ಕಡೇದಿತ್ತು" ಅಂದರು. "ಕಿವಿ ನಮ್ಮ ಕಡೇದು."

ಕರೆಯುವ ಹೆಸರು ಯಾವುದು ಎನ್ನುವುದು ಇನ್ನೂ ಇತ್ಯರ್ಥವಾಗಿಲ್ಲ.

ನೀವು ಅಲ್ಲಿ ಮೇಜಿನ ಹಿಂದೆ ಕೂತಿದ್ದಿರಲ್ಲ, ನನ್ನ ದನಿ ನಿಮಗೆ ಕೇಳಿಸಿತೇ?

ನಿಮ್ಮ ಮಗಳು,
ಕಸ್ತೂರಿ


ಹರಿಹರ
1-4-1979

ಚಿ. ಸೌ. ಕಸ್ತೂರಿಗೆ ಆಶೀರ್ವಾದಗಳು.

ಕೇಳಿಸಲಿಲ್ಲ. ನಾನು ತಲೆ ತಗ್ಗಿಸಿ, ನಿಂತ ಪ್ಲೇಟಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಎಂದಿನ ಹಾಗೆ ಎಲ್ಲರ ಹೆಸರೂ ಒಟ್ಟಿಗೆ ಬಂತು. ಅದರೊಳಗೆ ನಿನ್ನದು ಇದೆಯೋ ಇಲ್ಲವೋ ಎಂದು ಹುಡುಕಲಿಲ್ಲ. ಇದೆ ಎಂದುಕೊಂಡೆ.

ಚಿತ್ರದ ಪೆಟ್ಟಿಗೆ ಹೋಯಿತು. ಯುಗಾದಿಯ ಮರುದಿನ ಹೊಸ ಚಿತ್ರ ಬಂದಿದೆ, ಅದರ ಸೌಂಡ್ ಚೆನ್ನಾಗಿದೆ. ನನ್ನ ಸೆಟ್ಟನ್ನು ಮನೆಗೆ ತಂದೆ. ಮುಂದಿನ ವಾರ ಮಕ್ತುಮ್ ಸಾಬನ ತಂಗಿಯ ಮದುವೆಗೆ ಕೊಡುತ್ತೇನೆಂದು ಒಪ್ಪಿಕೊಂಡಿದ್ದೇನೆ. ಪ್ಲೇಟಿನ ಪೆಟ್ಟಿಗೆಯ ಮೇಲಿದ್ದ ಸೀರೆಯನ್ನು ಒಗೆದು ಮಡಚಿಟ್ಟಿದ್ದೇನೆ. ತೊಟ್ಟಿಲಿಗೆ ಬೇಕಾದರೆ ತಂದುಕೊಡುತ್ತೇನೆ, ಮೆತ್ತಗಿದೆ.

ನಿನ್ನ ತಾಯಿಯನ್ನು ನಾನು ಹೆಸರು ಹಿಡಿದು ಕರೆದವನಲ್ಲ. ಆಗ ಹಾಗೆಲ್ಲ ಇರಲಿಲ್ಲ. "ಇಕಾ", "ಕೇಳಿಲ್ಲಿ" ಎಂದೇ ಸಂಸಾರ ಮುಗಿಯಿತು. ನಿನ್ನ ಕಾಗದದಲ್ಲಿ ಆ ಹೆಸರು ಓದಿದಾಗ ಬಾಗಿಲು ಹಾಕಿ ಬಂದು, ಒಂದು ಸಲ ಬಾಯಿಬಿಟ್ಟು ಅಂದು ನೋಡಿದೆ.

ಬರುವ ಗುರುವಾರ ಬರುತ್ತೇನೆ. ಪಡಸಾಲೆಯಲ್ಲಿ ಕೂಡುವುದಿಲ್ಲ, ಒಳಗೆ ಬರುತ್ತೇನೆ.

ಅಳಿಯ ಕರಿಬಸವರಾಜರಿಗೂ, ಬೀಗಿತ್ತಿ ಸರ್ವಮಂಗಳಮ್ಮನವರಿಗೂ ನಮಸ್ಕಾರ. ನಿನಗೂ, ಮೊಮ್ಮಗಳು ಚಿರಂಜೀವಿ ಎಂದು ಬರೆಯಲಾರೆ, ಮೊಮ್ಮಗಳು ಹಾಲಮ್ಮ ಉರುಫ್ ಅನ್ನಪೂರ್ಣಳಿಗೂ ಅಜ್ಜನ ಆಶೀರ್ವಾದಗಳು.

ಉಚ್ಚೆಂಗಪ್ಪ